ಹಳೆಯ ದ್ರವದಲ್ಲಿ ಏನಿತ್ತು

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಸ್ವಭಾವದಲ್ಲಿ ಮುಳ್ಳೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಗಡಿಯಾರದ ಮುಳ್ಳುಗಳನ್ನು ಸರಿಮಾಡಿಕೊಂಡು ಬಂದ ಮನುಷ್ಯ, ಅದಕ್ಕೆ ಆ ಹೆಸರು. ಜನ ಹೊತ್ತು ನೋಡಲು ಕೈಗಡಿಯಾರ ಬಿಟ್ಟು ಫೋನು ತೆಗೆಯತೊಡಗಿದ ಮೇಲೆ ಅವರ ಅಂಗಡಿಗೆ ಬರುವವರು ಕಡಿಮೆಯಾಗುತ್ತಾ ಬಂದು, ಒಂದು ದಿನ ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಬಾಗಿಲು ಹಾಕಿ, ಆಸ್ಪತ್ರೆಯ ಹಿಂದಿನ ಕ್ಯಾನ್ಸರ್ ಸಂಶೋಧನಾ ಕಟ್ಟಡಕ್ಕೆ ಸಹಾಯಕ ಬೇಕು ಎಂಬ ಜಾಹೀರಾತು ನೋಡಿ ಹೋದರು.

ಆ ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಆಕೆ ಪ್ರಶ್ನೆ ಕೇಳಲಿಲ್ಲ, ಪ್ರಮಾಣಪತ್ರ ನೋಡಲಿಲ್ಲ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ ಮುಂದಿಟ್ಟರು. ಅದರಲ್ಲಿ ಸಾಲುಸಾಲಾಗಿ ಪುಟ್ಟ ಗುಣಿಗಳು. ಒಂದೊಂದಕ್ಕೂ ಒಂದೊಂದೇ ಹನಿ ಬಿಡಿ ಎಂದು ಪಿಪೆಟ್ ಕೈಗೆ ಕೊಟ್ಟರು. ಮುಳ್ಳಣ್ಣ ಉಸಿರು ಹಿಡಿದು ಬಿಟ್ಟರು. ಒಂದೂ ಚೆಲ್ಲಲಿಲ್ಲ, ಒಂದೂ ತಪ್ಪಲಿಲ್ಲ. ಮುಗಿದ ಮೇಲೆ ಕೇಳಿದರು:

“ಮೇಡಂ, ಇದರಲ್ಲಿ ತೊಂಬತ್ತಾರೇ ಗುಣಿ ಯಾಕಿದೆ? ಇನ್ನು ನಾಲ್ಕು ಹಾಕಿ ನೂರು ಮಾಡಬಹುದಿತ್ತಲ್ಲ?”

ಡಾಕ್ಟರಮ್ಮ ನಕ್ಕುಬಿಟ್ಟರು. “ಇಪ್ಪತ್ತು ವರ್ಷದಿಂದ ಇದನ್ನ ಬಳಸ್ತಿದೀನಿ. ನನಗೆ ಈ ಪ್ರಶ್ನೆ ಹೊಳೀಲೇ ಇಲ್ಲ ನೋಡಿ. ನಾಳೆಯಿಂದ ಬನ್ನಿ.”

ಹೀಗೆ ಅವರ ಎರಡನೆಯ ಕಸುಬು ಶುರುವಾಯಿತು. ಜೀವಕೋಶಗಳನ್ನು ಸಾಕುವುದು. ಕಿಟಕಿಯಿಲ್ಲದ ಚಿಕ್ಕ ಕೋಣೆ, ಸದಾ ಗುಂಯ್‌ಗುಡುವ ಗಾಳಿಯ ಪೆಟ್ಟಿಗೆ, ಮನುಷ್ಯನ ಮೈಬಿಸಿಯಷ್ಟೇ ಬಿಸಿ ಇಟ್ಟ ಕಪಾಟು. ಆ ಕಪಾಟಿನೊಳಗೆ ಮಲಗಿಸಿಟ್ಟ ಚಪ್ಪಟೆ ಬಾಟಲಿಗಳು, ಬಾಟಲಿಯ ತಳದಲ್ಲಿ ಬರಿಗಣ್ಣಿಗೆ ಕಾಣದ ಕೋಶಗಳು, ಅವುಗಳ ಮೇಲೆ ಗುಲಾಬಿ ಬಣ್ಣದ ದ್ರವ. ಆ ದ್ರವವೇ ಅವುಗಳ ಊಟ. ತಿಂದು ತಿಂದು ಕೋಶಗಳು ಅದನ್ನು ಹುಳಿ ಮಾಡಿದಂತೆ ಗುಲಾಬಿ ಹೋಗಿ ಹಳದಿಯಾಗುತ್ತದೆ. ಆಗ ಹಳೆಯದನ್ನು ಹೀರಿ ತೆಗೆದು ಹೊಸದು ಹಾಕಬೇಕು. “ಮನೇಲಿ ಕುಂಡಕ್ಕೆ ನೀರು ಹಾಕೋಕೆ ನೆನಪಿರಲ್ಲ, ಅಲ್ಲಿ ಕಣ್ಣಿಗೆ ಕಾಣದ್ದಕ್ಕೆ ಹೊತ್ತುಹೊತ್ತಿಗೆ ಊಟ” ಎಂದು ಹೆಂಡತಿ ಆಡಿಕೊಳ್ಳುತ್ತಿದ್ದರು.

ಒಂದೇ ಗಡ್ಡೆಯಿಂದ ಬೆಳೆಸಿಕೊಂಡು ಬಂದ ಕೋಶಗಳ ಪೀಳಿಗೆಗೆ ಅಲ್ಲಿ ಸಾಲು ಎನ್ನುತ್ತಿದ್ದರು; ಆ ಬಾಟಲಿಗಳ ಪೈಕಿ ನಲವತ್ತೊಂದನೆಯ ಸಾಲು ಎಂಬುದೊಂದಿತ್ತು. ಯಾರದೋ ನಾಲಿಗೆಯ ಗಡ್ಡೆಯಿಂದ ತೆಗೆದ ಚೂರು, ಮುಳ್ಳಣ್ಣ ಸೇರುವ ಮೊದಲಿನಿಂದಲೂ ಬೆಳೆಯುತ್ತಲೇ ಇತ್ತು. ಯಾರದು ಎಂದು ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವಂತೆಯೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದಕ್ಕೊಂದು ಅಂಟಿಕೊಂಡ ಕಲ್ಲುಹಾಸಿನ ಹಾಗೆ ಕಾಣುತ್ತಿದ್ದವು. ಮುಳ್ಳಣ್ಣ ಕೆಲವು ಸಲ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. ಈ ನಾಲಿಗೆ ಯಾರನ್ನು ಬೈದಿತ್ತೋ, ಯಾವ ಮಗುವಿಗೆ ಜೋಗುಳ ಹಾಡಿತ್ತೋ. ಮನುಷ್ಯ ಇದ್ದಾನೋ ಇಲ್ಲವೋ, ನಾಲಿಗೆ ಮಾತ್ರ ಇಲ್ಲಿ ಊಟ ಕೇಳುತ್ತಿದೆ.

ಅವರು ಸೇರಿ ಐದು ವರ್ಷವಾದಾಗ ಅವರ ಸ್ವಂತ ಅಣ್ಣನ ಗಂಟಲಿಗೇ ಅದು ಬಂತು.

ಅಣ್ಣ ಬಸ್ ಕಂಡಕ್ಟರ್. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ನಿಲ್ದಾಣದಲ್ಲಿ ಜನ ಸಾಲು ನಿಲ್ಲುತ್ತಿದ್ದರು ಎಂಬುದು ಡಿಪೋದ ಹಳೆಯ ತಮಾಷೆ. ಆ ಗಂಟಲು ಕಟ್ಟಿಕೊಂಡಿತು. ಶೀತ ಎಂದರು, ಸೇದುವುದು ಬಿಡು ಎಂದರು, ಕೊನೆಗೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿತು. ಮೂತ್ರಪಿಂಡ ಮೊದಲೇ ಸೋತಿದ್ದರಿಂದ ಸಾಮಾನ್ಯವಾಗಿ ಕೊಡುವ ಔಷಧಿ ಕೊಡುವಂತಿರಲಿಲ್ಲ. ವಿಕಿರಣದ ಜೊತೆಗೆ ವಾರಕ್ಕೊಮ್ಮೆ ಬೇರೊಂದು ಔಷಧಿಯನ್ನು ನರಕ್ಕೆ ಹಾಕತೊಡಗಿದರು.

ಎರಡನೆಯ ವಾರ ಮುಳ್ಳಣ್ಣ ನೋಡಲು ಹೋದಾಗ ಕಂಡಕ್ಟರ ಮುಖದ ತುಂಬ ಕೆಂಪು ಗುಳ್ಳೆ. ಮೂಗಿನ ಮೇಲೆ, ಗಲ್ಲದ ಮೇಲೆ, ಹಣೆಯ ಮೇಲೆ. ಮಾತಾಡಿದರೆ ನೋವೆಂದು ಅವರು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ತಮ್ಮನನ್ನು ಕಂಡೊಡನೆ ಬರೆದರು: “ಈ ವಯಸ್ಸಲ್ಲಿ ಮೊಡವೆ. ಕಾಲೇಜಿಗೆ ಸೇರಿಸ್ತೀಯೇನೋ?”

ಅತ್ತಿಗೆಗೆ ನಗು ಬರಲಿಲ್ಲ. “ರೋಗ ಗಂಟಲಲ್ಲಿ, ಗುಳ್ಳೆ ಮುಖದಲ್ಲಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಕೇಳಿದ್ರೆ ಆ ಡಾಕ್ಟ್ರು, ಗುಳ್ಳೆ ಬಂದ್ರೆ ಒಳ್ಳೇದೇ ಅಂತಾರೆ. ನೀವು ಅಲ್ಲೇ ಕೆಲಸ ಮಾಡ್ತೀರಲ್ಲ, ನೀವಾದ್ರೂ ಹೇಳಿ. ಇದು ಹೇಗೆ ಒಳ್ಳೇದು?”

ಮುಳ್ಳಣ್ಣನಿಗೆ ಗೊತ್ತಿರಲಿಲ್ಲ. ಐದು ವರ್ಷ ಕ್ಯಾನ್ಸರ್ ಕೋಶಗಳಿಗೆ ಉಣಿಸಿದವರು, ಅತ್ತಿಗೆಗೆ ‘ಕೇಳಿ ಹೇಳ್ತೀನಿ’ ಎಂದಷ್ಟೇ ಅಂದರು. ತಲೆಗೆ ಹುಳ ಬಿಟ್ಟಂತಾಯಿತು. ಮಾರನೆಯ ದಿನ ಬೆಳಿಗ್ಗೆಯೇ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ನಿಂತರು.

ಡಾಕ್ಟರಮ್ಮ ಕೂರಿಸಿ ಹೇಳಿದರು. “ಕೋಶದ ಮೈಮೇಲೆ ಗ್ರಾಹಕಗಳು ಅಂತ ಇರುತ್ವೆ. ಹೊರಗಿನಿಂದ ಬೆಳವಣಿಗೆಯ ಪ್ರೋಟೀನು ಬಂದು ಅದರ ಮೇಲೆ ಕೂತ್ರೆ ಒಳಗೆ ಸುದ್ದಿ ಹೋಗುತ್ತೆ.”

“ಏನಂತ ಸುದ್ದಿ?”

“ಬೆಳಿ ಅಂತ. ಅದಕ್ಕಿಂತ ದೊಡ್ಡ ಸುದ್ದಿ, ಸಾಯ್ಬೇಡ ಅಂತ.”

“ಸಾಯ್ಬೇಡ ಅಂತ ಹೇಳ್ಬೇಕಾ ಮೇಡಂ? ಯಾರೂ ಹೇಳದೇ ಇದ್ರೆ?”

“ಆರೋಗ್ಯವಾಗಿರೋ ಕೋಶ ಆದ್ರೆ ಸಾಯುತ್ತೆ. ಗಲಾಟೆ ಇಲ್ಲ. ತನ್ನನ್ನ ತಾನೇ ಬಿಚ್ಚಿ, ಮಡಚಿಟ್ಟು ಹೋಗುತ್ತೆ. ನಿಮ್ಮಣ್ಣನ ಗಡ್ಡೆಯ ಕೋಶಗಳ ಮೈಮೇಲೆ ಈ ಗ್ರಾಹಕ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೇ ಅವು ಸಾಯಲ್ಲ. ಆ ಔಷಧಿ ಹೋಗಿ ಗ್ರಾಹಕದ ಮೇಲೆ ಮುಚ್ಚಿಕೊಂಡು ಕೂರುತ್ತೆ. ಆದ್ರೆ ಅದೇ ಗ್ರಾಹಕ ಚರ್ಮದಲ್ಲೂ ಇದೆ. ಅಲ್ಲೂ ಮುಚ್ಚುತ್ತೆ, ಚರ್ಮ ಸಿಟ್ಟು ಮಾಡ್ಕೊಳ್ಳುತ್ತೆ. ಗುಳ್ಳೆ ಬಂತು ಅಂದ್ರೆ ಔಷಧಿ ಹೋಗ್ಬೇಕಾದ ಕಡೆ ಹೋಗ್ತಿದೆ ಅಂತ ಅವರ ಲೆಕ್ಕ.”

ಅಂದು ಸಂಜೆ ಮುಳ್ಳಣ್ಣ ಅಣ್ಣನಿಗೆ ಇದನ್ನೆಲ್ಲ ಹೇಳಿದರು. ಕಂಡಕ್ಟರು ಕೇಳಿಸಿಕೊಂಡು ಹಲಗೆಯಲ್ಲಿ ಬರೆದದ್ದು ಒಂದೇ ಸಾಲು: “ಆ ಸುದ್ದಿ ಕಳಿಸೋನು ಯಾರು?”

ಮುಳ್ಳಣ್ಣ ಆ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದರು.

ಇತ್ತ ಪ್ರಯೋಗಾಲಯದಲ್ಲಿ ಬೇರೊಂದು ತಲೆನೋವು ನಡೆದಿತ್ತು. ಡಾಕ್ಟರಮ್ಮನ ಕೈಕೆಳಗೆ ಡಾಕ್ಟರೇಟ್ ಪದವಿಗೆ ದುಡಿಯುತ್ತಿದ್ದ ಸಂಶೋಧಕಿಯೊಬ್ಬಳು ನಲವತ್ತೊಂದನೆಯ ಸಾಲಿನ ಮೇಲೆ ಕೋಶ ಕೊಲ್ಲುವ ಒಂದು ಔಷಧಿಯನ್ನು ಪರೀಕ್ಷಿಸುತ್ತಿದ್ದಳು. ಮೊದಲು ಎರಡು ದಿನ ಕೋಶಗಳನ್ನು ಉಪವಾಸ ಕೆಡವುವುದು, ಅಂದರೆ ದ್ರವದಲ್ಲಿ ಸಾಮಾನ್ಯವಾಗಿ ಬೆರೆಸುವ ಪೌಷ್ಟಿಕ ರಕ್ತಸಾರವನ್ನು ಬಿಟ್ಟು ಸಪ್ಪೆ ದ್ರವ ಮಾತ್ರ ಕೊಡುವುದು. ಆಮೇಲೆ ಔಷಧಿ. ಅದಾದ ಎರಡು ದಿನಕ್ಕೆ ನೀಲಿ ಬಣ್ಣ ಹಾಕಿ ಎಣಿಕೆ. ಸತ್ತ ಕೋಶ ನೀಲಿ ಹೀರುತ್ತದೆ, ಬದುಕಿದ್ದು ಹೀರುವುದಿಲ್ಲ. ಒಂದು ವಾರ ನೂರಕ್ಕೆ ಎಂಬತ್ತು ನೀಲಿ. ಮುಂದಿನ ವಾರ ಮೂವತ್ತೂ ಇಲ್ಲ. ಆರು ತಿಂಗಳಿಂದ ಇದೇ ಆಟ.

ಕೆಲಸದ ಒತ್ತಡದಲ್ಲಿ ಅವಳು ಒಂದು ಸಲ ಔಷಧಿ ಹಾಕಿದರೆ ಇನ್ನೊಂದು ಸಲ ಮುಳ್ಳಣ್ಣ ಹಾಕುತ್ತಿದ್ದರು. ಒಂದು ದಿನ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

“ಮುಳ್ಳಣ್ಣ, ಬೇಜಾರು ಮಾಡ್ಕೋಬೇಡಿ. ನೀವು ಹಾಕಿದ ವಾರ ಮಾತ್ರ ಔಷಧಿ ಕೆಲಸ ಮಾಡಲ್ಲ ಅನ್ಸುತ್ತೆ. ಸರಿಯಾದ ಅಳತೆ ಹಾಕ್ತಿದೀರಾ?”

ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರುವಾಗುವ ಮಾತು ಬೇಜಾರು ಮಾಡಿಯೇ ತೀರುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಹಿಡಿದ ಕೈ ಅದು. ಅಳತೆ ತಪ್ಪಿತು ಎಂದರೆ ಮುಳ್ಳಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಿಲುವಂಗಿ ಕಳಚಿಟ್ಟು ಮನೆಗೆ ಹೊರಟರು. ಆದರೆ ಬಸ್ಸಿನಲ್ಲಿ ಕೂತಾಗ ಸಿಟ್ಟು ಇಳಿದು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಹುಡುಗಿ ಸುಳ್ಳು ಹೇಳುವವಳಲ್ಲ. ನಾನು ಹಾಕಿದ ವಾರವೇ ಕೋಶಗಳು ಬದುಕುತ್ತವೆ ಎಂದರೆ, ನಾನು ಏನೋ ಮಾಡುತ್ತಿದ್ದೇನೆ. ಏನದು?

ಅಂಗಡಿಯ ಕಾಲದಿಂದಲೂ ಮಾಡಿದ್ದನ್ನೆಲ್ಲ ಬರೆದಿಡುವ ಚಟ ಅವರದು. ಮಾರನೆಯ ದಿನ ತಮ್ಮ ದಿನಚರಿಯ ಪುಸ್ತಕ, ಅವಳ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರು. ಅಳತೆ ಒಂದೇ. ಹೊತ್ತು ಒಂದೇ. ಬಾಟಲಿ ಒಂದೇ. ಮೂರನೆಯ ಸಲ ಓದುವಾಗ ಕಣ್ಣಿಗೆ ಬಿತ್ತು. ಅವಳು ಬರೆದಿದ್ದಳು: “ದ್ರವ ತೆಗೆದು, ಔಷಧಿ ಬೆರೆಸಿದ ಹೊಸ ದ್ರವ ಹಾಕಿದೆ.” ತಾವು ಬರೆದಿದ್ದರು: “ಔಷಧಿ ಸೇರಿಸಿದೆ.” ಅಷ್ಟೇ. ಹಳೆಯ ದ್ರವ ತೆಗೆದೇ ಇರಲಿಲ್ಲ. ಇದ್ದ ದ್ರವಕ್ಕೇ ಅಷ್ಟು ಔಷಧಿಯನ್ನು ಅಳೆದು ಬಿಟ್ಟಿದ್ದರು. ಗೋಡೆಗೆ ಅಂಟಿಸಿದ್ದ ಸೂಚನೆಯ ಹಾಳೆಯಲ್ಲೂ “ಔಷಧಿ ಸೇರಿಸಿ” ಎಂದೇ ಇತ್ತು. ಬಿಚ್ಚುವ ಅಗತ್ಯವಿಲ್ಲದ್ದನ್ನು ಬಿಚ್ಚಬಾರದು ಎಂಬುದು ಗಡಿಯಾರದವರ ಮೊದಲ ಪಾಠ. ಉಪವಾಸ ಬಿದ್ದ ಕೋಶಗಳನ್ನು ಸುಮ್ಮನೆ ಯಾಕೆ ಅಲುಗಾಡಿಸಬೇಕು ಎಂದು ಅವರು ಹಾಗೆ ಮಾಡುತ್ತಾ ಬಂದಿದ್ದರು.

ಮುಚ್ಚಿಡಬಹುದಿತ್ತು. ಮುಂದಿನ ವಾರದಿಂದ ಅವಳ ಹಾಗೇ ಮಾಡಿದ್ದರೆ ಎಣಿಕೆ ಸರಿಹೋಗಿ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಎರಡೂ ಪುಸ್ತಕ ಹಿಡಿದು ಅವಳ ಮೇಜಿಗೆ ಹೋದರು.

“ಮಗಳೇ, ತಪ್ಪು ನಂದೇ. ಅಳತೇಲಿ ಅಲ್ಲ, ಇಲ್ಲಿ ನೋಡು.”

ಅವಳು ಓದಿದಳು. ಮುಖ ಕೆಂಪಾಯಿತು. “ಆರು ತಿಂಗಳು, ಮುಳ್ಳಣ್ಣ! ಅರ್ಧ ಕೆಲಸ ಹಾಳು.”

“ಹೌದು.”

“ಇನ್ನು ಮೇಲೆ ನಾನೇ ಹಾಕ್ತೀನಿ.”

“ಹಾಕು. ಆದ್ರೆ ಒಂದು ಕೇಳ್ತೀನಿ. ಹಳೇ ದ್ರವ ಅಂದ್ರೆ ಎಂಜಲು. ಅದರಲ್ಲಿ ಊಟ ಮುಗಿದಿದೆ, ಕಸ ತುಂಬಿದೆ. ಹೊಸದರಲ್ಲಿರೋವು ಚೆನ್ನಾಗಿ ಬದುಕ್ಬೇಕು, ಎಂಜಲಲ್ಲಿರೋವು ಸಾಯ್ಬೇಕು. ಇಲ್ಲಿ ತಿರುಗುಮುರುಗು ಆಗಿದೆಯಲ್ಲ, ಯಾಕೆ? ಆ ಹಳೇ ದ್ರವದಲ್ಲಿ ಏನಿದೆ?”

ಅವಳು ಎರಡೂ ಪುಸ್ತಕಗಳ ಎಣಿಕೆಯನ್ನು ಇನ್ನೊಮ್ಮೆ ಬೆರಳಿಟ್ಟು ನೋಡಿದಳು. ಆಮೇಲೆ ಪುಸ್ತಕಗಳನ್ನು ಎತ್ತಿಕೊಂಡು, “ಬನ್ನಿ” ಎಂದು ಡಾಕ್ಟರಮ್ಮನ ಕೋಣೆಯ ಕಡೆ ನಡೆದಳು.

ಮುಂದಿನ ಮೂರು ವಾರ ಅವರಿಬ್ಬರೂ ಒಟ್ಟಿಗೆ ದುಡಿದರು. ಉಪವಾಸ ಬಿದ್ದ ಕೋಶಗಳು ಕಿಕ್ಕಿರಿದಿದ್ದ ಬಾಟಲಿಯ ಹಳೆಯ ದ್ರವವನ್ನು ಸೋಸಿ, ಒಂದು ಕೋಶವೂ ಉಳಿಯದಂತೆ ಮಾಡಿ, ಆ ಬರಿಯ ದ್ರವವನ್ನು ಬೇರೆ ಬಾಟಲಿಯ ಕೋಶಗಳಿಗೆ ಹಾಕಿದರು. ಆ ಮೇಲೆ ಔಷಧಿ. ಪಕ್ಕದಲ್ಲಿ ಹೊಸ ಸಪ್ಪೆ ದ್ರವದ ಬಾಟಲಿ, ಅದಕ್ಕೂ ಅಷ್ಟೇ ಔಷಧಿ. ಎಣಿಕೆಯ ದಿನ ಮುಳ್ಳಣ್ಣ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಹೊಸ ದ್ರವದಲ್ಲಿದ್ದವು ನೀಲಿ, ನೀಲಿ, ಬರೀ ನೀಲಿ. ಹಳೆಯ ದ್ರವದಲ್ಲಿದ್ದವು ಮುತ್ತಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು.

“ಇವೇ ಏನನ್ನೋ ಉಗುಳಿವೆ, ಅದನ್ನ ಇವೇ ಮತ್ತೆ ತಗೊಳ್ತಿವೆ” ಎಂದಳು ಸಂಶೋಧಕಿ ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ಓಡಿಹೋಗುತ್ತವೇನೋ ಎಂಬಂತೆ.

ಮುಳ್ಳಣ್ಣನಿಗೆ ಹಲಗೆಯ ಮೇಲಿನ ಅಣ್ಣನ ಅಕ್ಷರ ನೆನಪಾಯಿತು. ಸಾಯಬೇಡ ಎಂಬ ಸುದ್ದಿ ಕಳಿಸುವವನು ಯಾರು? ಇಲ್ಲಿ ಕಳಿಸುವುದೂ ಅದೇ ಕೋಶ, ಓದಿಕೊಳ್ಳುವುದೂ ಅದೇ ಕೋಶ. “ಮೇಡಂ,” ಎಂದರು ಎಣಿಕೆ ನೋಡಲು ಬಂದಿದ್ದ ಡಾಕ್ಟರಮ್ಮನಿಗೆ ಮೆಲ್ಲಗೆ, “ನಮ್ಮಣ್ಣನಿಗೆ ಕೊಡೋ ಔಷಧಿ ಗ್ರಾಹಕವನ್ನ ಮುಚ್ಚುತ್ತೆ ಅಂದ್ರಲ್ಲ. ಹಳೇ ದ್ರವದ ಜೊತೆ ಅದನ್ನೂ ಹಾಕಿ ನೋಡಿದ್ರೆ?”

ಹಾಕಿ ನೋಡಿದರು. ಹಳೆಯ ದ್ರವದಲ್ಲೇ ಇದ್ದರೂ ಕೋಶಗಳು ಸತ್ತವು. ದ್ರವವನ್ನು ಪರೀಕ್ಷೆಗೆ ಕಳಿಸಿದಾಗ ಬೆಳವಣಿಗೆಯ ಪ್ರೋಟೀನೇ ಅದರಲ್ಲಿ ಸಿಕ್ಕಿತು. ಡಾಕ್ಟರಮ್ಮ ಹೊಗಳುವಾಗ ಲಗಾಮು ಸಡಿಲ ಬಿಡುವವರಲ್ಲ. “ಕ್ಯಾನ್ಸರ್ ಕೋಶ ತನ್ನ ಬದುಕಿನ ಸುದ್ದಿ ತಾನೇ ಕಳಿಸ್ಕೊಳ್ಳುತ್ತೆ ಅನ್ನೋದು ಲೋಕಕ್ಕೆ ಹೊಸದಲ್ಲ” ಎಂದರು. “ಆದ್ರೆ ಹನ್ನೊಂದು ವರ್ಷದಿಂದ ಇದೇ ಸಾಲನ್ನ ಸಾಕ್ತಿದ್ದ ನಮಗೆ ಗೊತ್ತಿರಲಿಲ್ಲ. ಹಳೇ ದ್ರವವನ್ನ ಎಲ್ಲರೂ ಚರಂಡಿಗೆ ಚೆಲ್ತಿದ್ವಿ.” ಗೋಡೆಯ ಸೂಚನೆ ಹಾಳೆಯನ್ನು ಕಿತ್ತು ಬೇರೆ ಬರೆಸಿದರು.

ಅಂದು ಮುಳ್ಳಣ್ಣ ಆಸ್ಪತ್ರೆಗೆ ಓಡಿದಂತೆ ಹೋದರು. ಕಂಡಕ್ಟರ ಚಿಕಿತ್ಸೆ ಮುಗಿಯಲು ಬಂದಿತ್ತು. ಕುತ್ತಿಗೆಯ ಗಂಟು ಅರ್ಧಕ್ಕಿಂತ ಕಡಿಮೆಯಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಅವರು ಹಲಗೆಯನ್ನು ಪಕ್ಕಕ್ಕಿಟ್ಟು, ಎರಡು ತಿಂಗಳ ಮೇಲೆ ಮೊದಲ ಸಲ ಬಾಯಲ್ಲೇ ಮಾತಾಡಿದರು. ದನಿ ಒಡೆದ ಕೊಳವೆಯ ಹಾಗಿತ್ತು.

“ಅಂದ್ರೆ… ಟಿಕೆಟ್ ಹರಿಯೋನೂ ಅವನೇ, ತಗೊಳ್ಳೋನೂ ಅವನೇ. ಕಳ್ಳ ನನ್ಮಗ.”

ಅಣ್ಣ ತಮ್ಮ ಇಬ್ಬರೂ ನಕ್ಕರು. ಅಣ್ಣನಿಗೆ ನಗುವುದೂ ನೋವು. ಆದರೂ ನಕ್ಕರು.

ಹದಿನಾಲ್ಕು ತಿಂಗಳು ಕಂಡಕ್ಟರು ಚೆನ್ನಾಗಿದ್ದರು. ಗುಳ್ಳೆಗಳು ಮಾಸಿದವು. ಹಳೆಯ ದನಿ ಬರಲಿಲ್ಲ, ಆದರೆ ಡಿಪೋಗೆ ಹೋಗಿ ಸಂಗಾತಿಗಳ ಜೊತೆ ಕೂತು, ಅವರು ಕೂಗುವುದನ್ನು ಕೇಳಿ ‘ಸಾಲದು’ ಎಂದು ತಲೆಯಾಡಿಸಿ ಬರುತ್ತಿದ್ದರು. ಆಮೇಲೆ ಅದು ಮತ್ತೆ ಬಂತು. ಅದೇ ಔಷಧಿಯನ್ನು ಮತ್ತೆ ಕೊಟ್ಟರು. ಮುಖದ ಮೇಲೆ ಗುಳ್ಳೆಗಳು ಎಂದಿನಂತೆ ಎದ್ದವು. ಗಂಟು ಮಾತ್ರ ಕರಗಲಿಲ್ಲ. ಇದು ಮುಳ್ಳಣ್ಣನಿಗೆ ಅರ್ಥವೇ ಆಗಲಿಲ್ಲ. ಔಷಧಿ ಹೋಗಬೇಕಾದ ಕಡೆ ಹೋಗುತ್ತಿದೆ. ಗ್ರಾಹಕ ಮುಚ್ಚಿದೆ. ಮತ್ತೆ ಸಾಯಬೇಡ ಎಂದು ಯಾರು ಹೇಳುತ್ತಿದ್ದಾರೆ?

ಮರುವರ್ಷ ಅಣ್ಣ ತೀರಿಕೊಂಡರು. ಮುಳ್ಳಣ್ಣ ಹನ್ನೆರಡು ದಿನ ರಜೆ ಹಾಕಿದರು. ಹದಿಮೂರನೆಯ ದಿನ ಕೋಶಗಳ ಕೋಣೆಗೆ ಬಂದು, ಕೈ ತೊಳೆದು, ನಿಲುವಂಗಿ ತೊಟ್ಟು, ಕಪಾಟಿನ ಬಾಗಿಲು ತೆರೆದಾಗ ಒಂದು ಕ್ಷಣ ಅವರಿಗೆ ಆ ಬಾಟಲಿಗಳನ್ನೆಲ್ಲ ನೆಲಕ್ಕೆ ಕುಕ್ಕಬೇಕು ಅನಿಸಿತು. ಕುಕ್ಕಲಿಲ್ಲ. ಒಂದೊಂದನ್ನೇ ಬೆಳಕಿಗೆ ಹಿಡಿದು, ಹಳದಿಯಾದವನ್ನು ಬೇರೆ ಮಾಡಿದರು.

ಆ ದಿನವೇ ಅವರು ಡಾಕ್ಟರಮ್ಮನಿಗೆ ಒಂದು ವಿಷಯ ಹೇಳಿದರು. ಗ್ರಾಹಕ ಮುಚ್ಚುವ ಔಷಧಿ ಹಾಕಿದ ಪ್ರತಿ ಬಾಟಲಿಯಲ್ಲೂ ಅಂಚಿನ ಹತ್ತಿರ ನಾಲ್ಕೈದು ಕೋಶಗಳ ಒಂದೊಂದು ಗುಂಪು ಸಾಯದೆ ಉಳಿಯುತ್ತದೆ. ಎಣಿಕೆಯಲ್ಲಿ ಅದು ನೂರಕ್ಕೆ ಒಂದೂ ಬಾರದು, ಆದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾವು ಆ ಬಾಟಲಿಗಳಲ್ಲಿ ಎರಡನ್ನು ಎಸೆಯದೆ ಸಾಕಿಕೊಂಡು ಬಂದಿದ್ದು, ಈಗ ಅವು ಬಾಟಲಿಯ ತುಂಬ ಬೆಳೆದಿವೆ, ಔಷಧಿಯಲ್ಲೇ ಬೆಳೆಯುತ್ತಿವೆ.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, “ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತಿವೆ” ಎಂದರು. “ಕೇಳದೇ ಇಟ್ಕೊಂಡಿದ್ದಕ್ಕೆ ಬೈಯ್ಬೇಕು ನಿಮ್ಮನ್ನ. ಇನ್ನೊಂದು ದಿನ ಬೈತೀನಿ. ಎಲ್ಲಿವೆ, ತೋರಿಸಿ.”

ಸಂಶೋಧಕಿಯ ಪದವಿಯ ಕೆಲಸದ ಎರಡನೆಯ ಅರ್ಧ ಆ ಎರಡು ಬಾಟಲಿಗಳಿಂದಲೇ ಆಯಿತು. ಮೊದಲ ಗ್ರಾಹಕ ಮುಚ್ಚಿದಾಗ ಆ ಕೋಶಗಳು ಬೇರೊಂದು ಗ್ರಾಹಕವನ್ನು ಹೆಚ್ಚಿಸಿಕೊಂಡು, ಅದರ ಮೂಲಕ ಒಳಕ್ಕೆ ಅದೇ ಸುದ್ದಿ ತರಿಸಿಕೊಳ್ಳುತ್ತಿದ್ದವು. ಎರಡನ್ನೂ ಮುಚ್ಚಿದಾಗ ಒಂದು ಬಾಟಲಿಯವು ಸತ್ತವು. ಇನ್ನೊಂದರವು ಸಾಯಲಿಲ್ಲ. ಯಾಕೆ ಎಂದು ಆ ಪ್ರಬಂಧದಲ್ಲಿ ಉತ್ತರವಿಲ್ಲ. ಕೃತಜ್ಞತೆಯ ಪುಟದಲ್ಲಿ ಮುಳ್ಳಣ್ಣನ ನಿಜವಾದ ಹೆಸರು ಅಚ್ಚಾಗಿತ್ತು. ಪ್ರಯೋಗಾಲಯದಲ್ಲಿ ಅರ್ಧ ಜನಕ್ಕೆ ಅದು ಯಾರೆಂದೇ ತಿಳಿಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಅತ್ತಿಗೆ ಒಂದು ಮಧ್ಯಾಹ್ನ ಬಂದರು. ಬರುತ್ತೇನೆ ಎಂದು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಯಾವುದೋ ಕಾಗದದ ಕೆಲಸವಿತ್ತು, ಮುಗಿಸಿಕೊಂಡು ಹಿಂದಿನ ಕಟ್ಟಡಕ್ಕೆ ಕೇಳಿಕೊಂಡು ಬಂದಿದ್ದರು.

“ಆ ಕೋಶಗಳನ್ನ ನೋಡ್ಬೇಕು” ಎಂದರು. “ನೋಡೋಕೆ ಬಿಡ್ತಾರಾ?”

ಡಾಕ್ಟರಮ್ಮ ಬಿಟ್ಟರು. ನಿಲುವಂಗಿ ತೊಡಿಸಿ ಒಳಗೆ ಕರೆದೊಯ್ದು ಮುಳ್ಳಣ್ಣ ಒಂದು ಬಾಟಲಿಯನ್ನು ಸೂಕ್ಷ್ಮದರ್ಶಕದ ಮೇಲಿಟ್ಟು, ಎತ್ತರ ಸರಿಮಾಡಿ, ಸ್ಟೂಲು ಎಳೆದುಕೊಟ್ಟರು. ಎರಡು ಬಾಗಿಲು ಮುಚ್ಚಿದರೂ ಸಾಯದೆ ಉಳಿದ ಬಾಟಲಿ ಇದು ಎಂದರು. ಅತ್ತಿಗೆ ಮೊದಲು ತಮ್ಮ ರೆಪ್ಪೆಯನ್ನೇ ಕಂಡು ಬೆಚ್ಚಿದರು. ಆಮೇಲೆ ಕಣ್ಣು ಹೊಂದಿತು.

“ಇವೇನಾ?”

“ಇವೇ ಅತ್ತಿಗೆ. ಅಣ್ಣಂದಲ್ಲ. ಬೇರೆ ಯಾರದೋ.”

“ಹೆದರಿಕೆ ಆಗುತ್ತೆ ಅಂದ್ಕೊಂಡಿದ್ದೆ. ಅಚ್ಚುಕಟ್ಟಾಗಿ ಕೂತಿವೆ.” ಆಮೇಲೆ ಕೇಳಿದರು, “ತಾವು ಯಾರನ್ನ ಕೊಲ್ತಿದೀವಿ ಅಂತ ಇವಕ್ಕೆ ಗೊತ್ತಾ?”

“ಇಲ್ಲ. ಬದುಕ್ಬೇಕು ಅನ್ನೋದೊಂದೇ ಗೊತ್ತು. ಅದನ್ನ ಯಾವ ದಾರೀಲಾದ್ರೂ ಮಾಡ್ತವೆ.”

“ಎರಡು ಬಾಗಿಲು ಹಾಕಿದ್ರೂ ಇವು ಹೇಗೆ ಉಳಿದ್ವು?”

“ಅದೇ ಗೊತ್ತಾಗ್ತಿಲ್ಲ. ಸುದ್ದಿ ಹೊರಗಿಂದ ಬರೋದೇ ಬೇಡ ಅಂತ ಒಳಗೇ ಏನೋ ಮಾಡ್ಕೊಂಡಿವೆಯೇನೋ ಅಂತ ನಂಗನ್ಸುತ್ತೆ. ಡಾಕ್ಟರಮ್ಮ ಇರಬಹುದು ಅಂತಾರೆ. ಹೊಸದಾಗಿ ಸೇರಿರೋ ಹುಡುಗ್ರು ಅಲ್ಲ ಅಂತಾರೆ. ಮುಂದಿನ ತಿಂಗಳು ನೋಡ್ತೀವಿ.”

ಅತ್ತಿಗೆ ಹೂಂ ಎಂದರು. ಎದ್ದೇಳುತ್ತಾರೆ ಎಂದುಕೊಂಡು ಮುಳ್ಳಣ್ಣ ಬಾಟಲಿ ತೆಗೆಯಲು ಕೈ ಚಾಚಿದರು. ಆದರೆ ಅವರು ಕಣ್ಣು ಕೀಳಲಿಲ್ಲ.

“ಸ್ವಲ್ಪ ಆ ಕಡೆ ಸರಿಸಿ,” ಎಂದರು. “ಆ ಮೂಲೇಲಿ ಒಂದು ಎರಡಾಗ್ತಿರೋ ಹಾಗಿದೆ. ಸರಿಯಾಗಿ ಕಾಣ್ತಿಲ್ಲ.”